ಬೋಟಿಗೆಂತ ಬ್ರೇಕ್?

“ಡಬ್!”

ವ್ಯಾನಿನ ಸೀಟಿಗೆ ಹಿಂದಿನಿಂದ ಬಿದ್ದ ಹೊಡೆತಕ್ಕೆ ಜೀವಿತಾಳ ಕೈಯಲ್ಲಿದ್ದ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಹಾರಿ ಅವಳ ಸಾಕ್ಸಿನ ಮೇಲೆ ಬಿತ್ತು.

“ಅಪ್ಪಾ, ನೀರಿನ ಟ್ಯಾಂಕ್ ಮುಂದೆ ಬಂತು!”

“ಎಂತದೂ ಇಲ್ಲ ಮಾರಾಯ್ತಿ. ಆಡು ಅಡ್ಡ ಬಂತಲ್ಲ, ಬ್ರೇಕ್ ಹಾಕಿದೆ.”

ಜೀವಿತಾ ಕೇಳಬೇಕಲ್ಲ! ವ್ಯಾನು ನಿಲ್ಲಿಸಲು ಹೇಳಿ, ಇಳಿದು, ಹಿಂದಿನ ಬಾಗಿಲು ತೆಗೆಸಿಯೇಬಿಟ್ಟಳು. ಐನೂರು ಲೀಟರಿನ ಕರಿ ಟ್ಯಾಂಕ್ ಒಂದು ಗೇಣು ಜಾರಿ ಅವಳ ಸೀಟಿಗೆ ಒರಗಿ ಕೂತಿತ್ತು. ಒಂದು ಲೀಟರ್ ನೀರು ಒಂದು ಕಿಲೋ ಎಂದು ಟೀಚರ್ ಹೇಳಿದ್ದರು. ಅಂದರೆ ಐನೂರು ಕಿಲೋ! ಓಣಿಯಲ್ಲಿ ಮೆಲ್ಲಗೆ ಹೋಗುವಾಗಲೇ ಹೀಗೆ. ಇದನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಪ್ಪ ದಿನಕ್ಕೆ ನಾಲ್ಕು ಸಲ ದೊಡ್ಡ ಸೇತುವೆ ದಾಟುತ್ತಾರೆ.

ಅಪ್ಪ ಕಾಸರಗೋಡಿನಿಂದ ಕೊಚ್ಚಿಗೆ ಬಂದು ಹನ್ನೆರಡು ವರ್ಷ ದ್ವೀಪಗಳಿಗೆ ಬೋಟಿನಲ್ಲಿ ಕುಡಿಯುವ ನೀರು ಸಾಗಿಸಿದವರು. ವಲ್ಲಾರ್ಪಾಡ ದ್ವೀಪಕ್ಕೆ ಸೇತುವೆ ಆದ ಮೇಲೆ ಬೋಟು ಬಿಟ್ಟು ವ್ಯಾನು ಹಿಡಿದಿದ್ದರು. ಬೋಟಿನಲ್ಲಿ ಕಲಿತ ಹಗ್ಗದ ಗಂಟುಗಳ ಬಗ್ಗೆ ಅವರಿಗೆ ಹೆಮ್ಮೆಯೋ ಹೆಮ್ಮೆ.

“ಬಿರುಗಾಳಿಗೂ ಬಿಚ್ಚದ ಗಂಟು ಇದು. ಅಷ್ಟು ಭಾರದ್ದು ಎಲ್ಲಿಗೆ ಓಡ್ತದೆ?” ಎಂದರು.

ಜೀವಿತಾ ಟ್ಯಾಂಕಿಗೆ ಕಟ್ಟಿದ ಹಗ್ಗಗಳನ್ನು ಎಣಿಸಿದಳು. ಎಡಕ್ಕೆ ಎರಡು, ಬಲಕ್ಕೆ ಎರಡು. ಅಲೆಗೆ ಬೋಟು ಅತ್ತಿತ್ತ ವಾಲುತ್ತದೆ, ಅದಕ್ಕೆ ಇವು ಸರಿ. ಆದರೆ ಟ್ಯಾಂಕನ್ನು ಹಿಂದಕ್ಕೆ ಎಳೆದು ಹಿಡಿಯಲು ಒಂದೂ ಇರಲಿಲ್ಲ.

“ಅಪ್ಪಾ, ಬೋಟಿಗೆ ಬ್ರೇಕ್ ಉಂಟಾ?”

“ಬೋಟಿಗೆಂತ ಬ್ರೇಕ್?” ಅಪ್ಪ ನಕ್ಕರು. ನಗು ಅರ್ಧಕ್ಕೇ ನಿಂತಿತು. ಹಗ್ಗ ನೋಡಿದರು, ಸೀಟು ನೋಡಿದರು, ಮಗಳನ್ನು ನೋಡಿದರು.

ಅಂದು ನೀರೆಲ್ಲ ಆ ಓಣಿಯವರ ಕೊಡಗಳಿಗೆ ಹೋಯಿತು. ಖಾಲಿ ಟ್ಯಾಂಕಿನ ವ್ಯಾನು ಮಂಗಳೂರಿನಿಂದ ಬಂದು ಕೊಚ್ಚಿಯಲ್ಲೇ ನೆಲೆಸಿದ್ದ ಅಲ್ವಿನ್ ಅಂಕಲ್‌ನ ವೆಲ್ಡಿಂಗ್ ಅಂಗಡಿಗೆ ಹೋಯಿತು.

“ಬರೀ ತಗಡಿಗೆ ಬೋಲ್ಟ್ ಹಾಕಿದ್ರೆ ತಗಡೇ ಹರಿದು ಬರ್ತದೆ ಉಪೇಂದ್ರಣ್ಣ. ಕೆಳಗಿನ ಕಬ್ಬಿಣದ ಚಾಸಿಗೇ ಹಾಕ್ಬೇಕು,” ಎಂದರು ಅಂಕಲ್, ಅಪ್ಪನಿಗೆ. ಟ್ಯಾಂಕಿನ ಸುತ್ತ ಕಬ್ಬಿಣದ ಚೌಕಟ್ಟು ಬಂತು. ಸೀಟಿನ ಹಿಂದೆ ದಪ್ಪ ಜಾಲರಿ ನಿಂತಿತು. ಜೀವಿತಾ ಒಂದೊಂದೇ ಬೋಲ್ಟನ್ನು ಅಲುಗಾಡಿಸಿ ನೋಡಿದಳು.

“ಅಂಕಲ್, ಇದು ಲೂಸ್!”

ಅಲ್ವಿನ್ ಅಂಕಲ್ ಸ್ಪ್ಯಾನರ್ ಹಿಡಿದೇ ಸೆಲ್ಯೂಟ್ ಹೊಡೆದರು. “ಆಯ್ತು ಇನ್‌ಸ್ಪೆಕ್ಟರ್ ಮೇಡಂ!”

ಸೋಮವಾರ ಸೇತುವೆಯ ಮೇಲೆ ಮುಂದಿದ್ದ ಪ್ರೈವೇಟ್ ಬಸ್ಸು ಗಕ್ಕನೆ ನಿಂತಿತು. ಅಪ್ಪ ಬ್ರೇಕ್ ತುಳಿದರು. ಟಯರು ಕಿರುಚಿತು. ಸೀಟ್ ಬೆಲ್ಟು ಜೀವಿತಾಳನ್ನು ಬಿಗಿಯಾಗಿ ಹಿಡಿಯಿತು. ಟ್ಯಾಂಕಿನೊಳಗೆ ನೀರು ಗುಡುಗುಡು ಎಂದಿತು. ಅಷ್ಟೇ! ಟ್ಯಾಂಕ್ ಒಂದು ಎಳೆಯಷ್ಟೂ ಕದಲಲಿಲ್ಲ.

“ಬರ್ಲಿಲ್ಲ! ಅಪ್ಪಾ, ಟ್ಯಾಂಕ್ ಬರ್ಲೇ ಇಲ್ಲ!”

“ಎಲ್ಲಿ ಬರ್ತದೆ! ನನ್ನ ಮಗಳು ಚೆಕ್ ಮಾಡಿದ್ದಲ್ವಾ!” ಅಪ್ಪ ಖುಷಿಗೆ ಹಾರನ್ ಒತ್ತಿದ್ದೇ ಒತ್ತಿದ್ದು. ಬಸ್ಸಿನ ಕಂಡಕ್ಟರ್ ಕಣ್ಣು ಕೆಕ್ಕರಿಸಿ ನೋಡಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಜೀವಿತಾ ಗಮನಿಸಿದಳು. ಅಪ್ಪನ ಎಡಗೈ ಇನ್ನೂ ಅವಳ ಎದೆಗೆ ಅಡ್ಡವಾಗಿ ಚಾಚಿಕೊಂಡೇ ಇತ್ತು.

‘ಬೆಲ್ಟ್ ಉಂಟಲ್ಲ’ ಎನ್ನಲು ಬಾಯಿ ತೆರೆದಳು. ಆದರೆ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬಸ್ಸು ಹೊರಡುವವರೆಗೂ ಹಾಗೇ ಕೂತಳು.