ಮಾಹಿಮ್ ದೋಣಿಯ ಮಗ್ಗ

ಇದು ನಡೆದದ್ದು ಹಾಡಹಗಲಲ್ಲಿ. ಮುಂಬೈ ದ್ವೀಪಗಳ ಚರಿತ್ರೆ ಬರೆಯುತ್ತಿದ್ದ ನನಗೆ, ಅಲ್ಲಿನ ಮಾಹಿಮ್‌ನ ಹಳೇ ದೋಣಿಯ ಹಲಗೆಗಳಿಂದ ಮಾಡಿದ ಮಗ್ಗವೊಂದು ಕೊಳ್ಳೇಗಾಲದಲ್ಲಿದೆ ಎಂದು ತಿಳಿದಾಗ ಕುಣಿಯುವಂತಾಯಿತು. ಮೈಸೂರಿನಿಂದ ಮೊದಲ ಬಸ್ಸಿಗೇ ಓಡಿದೆ.

ಆ ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ ಚೌಡಮ್ಮ, ಹನ್ನೊಂದೂವರೆಗೆ ಸರಿಯಾಗಿ ಕಾಲು ಮೇಲೆತ್ತಿಕೊಂಡರು.

"ನೀರು ಬರೋ ಒತ್ತು ಸಾ. ದಿನಾ ನೆನ್ನೆಗಿಂತ ಮುಕ್ಕಾಲು ಗಂಟೆ ತಡವಾಗಿ ಬತ್ತದೆ. ಕಾಲಿಡಬ್ಯಾಡಿ."

ಗುಂಡಿಯಲ್ಲಿ ಹನಿ ನೀರಿರಲಿಲ್ಲ. ತಡೆಯಲಾರದೆ ಎಡಗಾಲು ಇಳಿಸಿಯೇಬಿಟ್ಟೆ! ತಣ್ಣನೆಯದೇನೋ ಮೊಣಕಾಲಿನವರೆಗೆ ಏರಿತು, ಮೀನಿನ ವಾಸನೆ ಬಂತು. ಥಟ್ಟನೆ ಎಳೆದುಕೊಂಡೆ. ಕಾಲು ಒಣಗಿಯೇ ಇತ್ತು. ಸವರಿದ ಬೆರಳು ಮಾತ್ರ ಉಪ್ಪುಪ್ಪು. ಮೊಬೈಲಿನಲ್ಲಿ ನೋಡಿದರೆ, ಮುಂಬೈ ಕಡಲಿನ ಉಬ್ಬರಕ್ಕೂ ಅದೇ ಹೊತ್ತು.

"ಇಳಿಸ್ಬುಟ್ರಾ?" ಎಂದರು ಚೌಡಮ್ಮ.

ಈಗ ಮೈಸೂರಿನ ಮನೆಯಲ್ಲಿದ್ದೇನೆ. ಇವತ್ತು ನನ್ನ ಎಡಗಾಲು ತಣ್ಣಗಾದದ್ದು ನಿನ್ನೆಗಿಂತ ಮುಕ್ಕಾಲು ಗಂಟೆ ತಡವಾಗಿ.