ಟ್ರಂಕಿನ ಮೇಲಿನ ವಿಭೂತಿ

2025ರ ನವೆಂಬರ್ 12, ಬೆಳಿಗ್ಗೆ 9.20. ಮಿಯಾಪುರ ಠಾಣೆಯ ಮೇಜು ಗುದ್ದಿ ಚಂದ್ರಕಾಂತ ದೂರು ಬರೆಸಿದ. 1971ರ ಯುದ್ಧದಲ್ಲಿ, ಗಡಿಯ ಕಂದಕದೊಳಗೆ, ಇಪ್ಪತ್ತೆರಡಕ್ಕೇ ಸತ್ತ ಕಾಕಾ ವಿಜಯಕುಮಾರನ ಬದುಕನ್ನು ಅವನು ಪುಸ್ತಕ ಮಾಡುತ್ತಿದ್ದ. ಸೈನ್ಯ ಕಳಿಸಿದ್ದ ಟ್ರಂಕಿನಿಂದ ಪತ್ರವೊಂದು ಕಳುವಾಗಿತ್ತು.

"ಕೆಲಸದ ಪಿಂಕೀನ ಕದ್ದಾಳ್ರಿ. ನಾಲ್ಕು ಬಿಗೀರಿ, ಬಾಯಿ ಬಿಡ್ತಾಳ."

"ಆಕಿಗೆ ಕನ್ನಡ ಓದಾಕ ಬರ್ತೈತೇನು?" ಇನ್‌ಸ್ಪೆಕ್ಟರ್ ಬಂಡೆಪ್ಪನ ಧ್ವನಿ ಏರಿತು.

"ಇಲ್ರಿ."

"ಮತ್ತ ಟ್ರಂಕಿನ್ಯಾಗಿನ ವಾಚು ಬಿಟ್ಟು ಕಾಗದ ಯಾಕ ಒಯ್ತಾಳ? ಯಾರಿಗೆ ಬಿಗೀಬೇಕಂತ ನನಗ ಗೊತ್ತೈತಿ, ಸುಮ್ನ ಕುಂದ್ರು."

FIR ದಾಖಲಾಯಿತು. 10.45ಕ್ಕೆ ಮನೆಯಲ್ಲಿ ಪಂಚನಾಮೆ. ಸೈನ್ಯದ ಪಟ್ಟಿಯಲ್ಲಿ ಪತ್ರಗಳು ಹದಿನಾಲ್ಕು, ಟ್ರಂಕಿನಲ್ಲಿ ಹದಿಮೂರು. ಚಂದ್ರಕಾಂತ ದಿನಕ್ಕೊಂದರಂತೆ ಎಂಟನ್ನಷ್ಟೇ ಓದಿದ್ದ. ಬೀಗ ಒಡೆದಿರಲಿಲ್ಲ. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ಮುಟ್ಟಿದರೆ ಉದುರುವಷ್ಟು ಹೊಸದು.

"ಇದನ್ಯಾರು ಹಚ್ಚಿದ್ರು?"

"ನಾ ಅಲ್ರಿ. ಟ್ರಂಕು ಮುಚ್ಚಿದ ಮ್ಯಾಲ ಹಚ್ಚೂದು ನಮ್ಮಜ್ಜಿ ಪದ್ಧತಿ. ಈಗ..." ಚಂದ್ರಕಾಂತ ಬಗ್ಗಿ ಮುಚ್ಚಳ ನೋಡಿದ. "ಕೋಕಿಲಾ ಅತ್ತಿ ಒಬ್ಬಾಕೀನ ಹಚ್ಚೂದು. ಅಜ್ಜಿಯ ಚಾವೀನೂ ಆಕೀ ಹತ್ರ ಐತಿ."

ಸತ್ತವನ ತಂಗಿ, ವಯಸ್ಸು ಎಪ್ಪತ್ತಮೂರು. ಅಪಾರ್ಟ್‌ಮೆಂಟಿನ ಗೇಟಿನ ರಿಜಿಸ್ಟರಿನಲ್ಲಿ ಹಿಂದಿನ ದಿನ ಬೆಳಿಗ್ಗೆ 11.10ಕ್ಕೆ ಅವಳ ಸಹಿ ಇತ್ತು.

ಮಧ್ಯಾಹ್ನ 2.00. ಬಂಡೆಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ಉಮಾಶ್ರೀ ನಾಂಪಲ್ಲಿಯಲ್ಲಿ ಕೋಕಿಲಾಳ ಮನೆಯ ಬಾಗಿಲು ಬಡಿದರು. ಬೆನ್ನಿಗೇ ಚಂದ್ರಕಾಂತ.

"ಕದ್ದು, ಮ್ಯಾಲ ವಿಭೂತಿ ಬ್ಯಾರೆ ಹಚ್ಚಿ ಬಂದೀರಲ್ರಿ ಅಮ್ಮಾ?"

"ಅಣ್ಣನ ಟ್ರಂಕು. ಹಚ್ಚದ ಹ್ಯಾಂಗ ಬರ್ಲಿ?"

"ಕಾಗದ ತಗೀರಿ."

"ಕೊಡಂಗಿಲ್ಲ. ಅಂವಾ ಬರದದ್ದಲ್ಲ ಅದು, ನಾ ಬರದದ್ದು. ಬೇಕಾದ್ರ ಒಯ್ದು ಜೇಲಿಗೆ ಹಾಕು."

ಉಮಾಶ್ರೀ ಅವಳ ಸೆರಗಿನ ಗಂಟು ಬಿಚ್ಚಿ ಪತ್ರ ತೆಗೆದಳು. ಸಾಕ್ಷಿಗೆ ಪಂಚರಾಗಿ ಬಂದ ನೆರೆಯವರಿಬ್ಬರಿಗೂ ಕನ್ನಡ ಬಾರದು.

"ಜೋರಾಗಿ ಓದ್ರಿ ಸಾಹೇಬ್ರ," ಎಂದ ಚಂದ್ರಕಾಂತ. "ಪುಸ್ತಕಕ್ಕ ಬೇಕು."

ಬಂಡೆಪ್ಪ ಮನಸ್ಸಿನಲ್ಲೇ ಓದಿಕೊಂಡ. 'ಕಂದಕದಲ್ಲಿ ಜೀವ ಹೆದರುತ್ತದೆ, ಹೇಗಾದರೂ ಮಾಡಿ ಮನೆಗೆ ಬರುತ್ತೇನೆ ಎಂದು ಬರೆದಿದ್ದೀಯ. ಓಡಿ ಬಂದರೆ ನನಗೆ ಅಣ್ಣನೇ ಇರಲಿಲ್ಲ ಎಂದು ತಿಳಿಯುತ್ತೇನೆ.' ತಾರೀಖು 1971ರ ನವೆಂಬರ್ 20. ವಿಜಯಕುಮಾರ ಸತ್ತದ್ದು ಡಿಸೆಂಬರ್ 9.

"ಖಾಸಗಿ ಪತ್ರ, ಒಂದು," ಎಂದು ಪಂಚನಾಮೆಯಲ್ಲಿ ಬರೆಸಿದ.

"ಅಷ್ಟ ಏನ್ರಿ? ಅದರಾಗ ಏನೈತಿ ಹೇಳ್ರಿ!"

"ಕೋರ್ಟಿನ್ಯಾಗ ಕೇಳ್ಕೋ ಹೋಗು!" ಬಂಡೆಪ್ಪ ಗದರಿದ. ಆಮೇಲೆ ಮುದುಕಿಯತ್ತ ತಿರುಗಿದ. "ಅಲ್ಲೇ ಹರಿದು ಒಗೀಬೇಕಿತ್ತಿಲ್ರೀ?"

"ಸುಡಾಕಂತನ ತಂದಿದ್ದೆ. ಲಕೋಟಿ ನೋಡಿದೆ. ಕೈ ಬರಲಿಲ್ಲ."

ಸಂಜೆ 4.10ಕ್ಕೆ ಬಂಧನ. ಕೇಸ್ ಡೈರಿಯಲ್ಲಿ ಕಳವಿನ ಕಾರಣದ ಜಾಗಕ್ಕೆ ಬಂದಾಗ ಬಂಡೆಪ್ಪನ ಪೆನ್ನು ನಿಂತಿತು. ಹತ್ತೊಂಬತ್ತರ ಹುಡುಗಿಯ ಸಿಟ್ಟು ಅದು. ಪತ್ರ ಮುಟ್ಟುವ ಮೊದಲೇ ಅಣ್ಣ ಸತ್ತನೆಂದು ಆಕೆ ಐವತ್ನಾಲ್ಕು ವರ್ಷ ನಂಬಿ ಬದುಕಿದ್ದಳು.

ಆದರೆ ಲಕೋಟೆ ಒಡೆದಿತ್ತು; ಹರಿದ ಅಂಚೂ ಹಳದಿಗಟ್ಟಿತ್ತು.