ಎಡ್ಡೆ ಕಣ್ಣು

“ಹೆಸರು ಹೇಳಿ ಅಜ್ಜಿ. ಯಾವ ಕಣ್ಣಿಗೆ ಆಪರೇಶನ್?”

ಚೈತಾಲಿ ಬೆನ್ನ ಹಿಂದೆ ಕೈ ಅಡಗಿಸಿ ಮೂರನೆಯ ಬೆರಳು ಮಡಚಿದಳು. ಗೇಟಿನ ಹತ್ತಿರ ಒಮ್ಮೆ ಕೇಳಿದರು. ಕೌಂಟರಿನಲ್ಲಿ ಒಮ್ಮೆ ಕೇಳಿದರು. ಈಗ ಬಿ.ಪಿ. ನೋಡುವ ಲಿಯೋನೆಲ್ ಅಣ್ಣನೂ ಅದನ್ನೇ ಕೇಳುತ್ತಿದ್ದಾನೆ.

“ಕುಶಲಾ. ಬಲ ಕಣ್ಣು,” ಎಂದರು ಅಜ್ಜಿ. ಅವನು ಅತ್ತ ಹೋದ ಮೇಲೆ ಮೊಮ್ಮಗಳ ಕಿವಿಯ ಹತ್ತಿರ ಬಾಗಿ, “ಇವರಿಗೆಲ್ಲ ಮರೆವು ಉಂಟು ಮಾರಾಯ್ತಿ. ಮೊದಲು ಇವರ ತಲೆಗೆ ಮದ್ದು ಬೇಕು,” ಎಂದರು.

ಚೈತಾಲಿಗೆ ನಗು ತಡೆಯಲಾಗಲಿಲ್ಲ. ಇವತ್ತು ಅವಳಿಗೆ ಎಲ್ಲದಕ್ಕೂ ನಗು. ಐದನೇ ಕ್ಲಾಸಿನ ಉಳಿದವರೆಲ್ಲ ಈ ಹೊತ್ತಿಗೆ ಗಣಿತದ ಟೆಸ್ಟ್ ಬರೆಯುತ್ತಿರುತ್ತಾರೆ. ಅವಳು ಮಾತ್ರ ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ ಬಂದು, ಲಿಫ್ಟಿನಲ್ಲಿ ಹತ್ತಿ, ಈ ತಣ್ಣಗಿನ ಕಣ್ಣಿನ ಆಸ್ಪತ್ರೆಯಲ್ಲಿ ಕುಳಿತಿದ್ದಾಳೆ.

ಸುಮ್ಮನೆ ಕುಳಿತದ್ದಲ್ಲ, ಅವಳಿಗೊಂದು ಕೆಲಸವೂ ಇತ್ತು. “ನಾನು ಕೌಂಟರಿನಲ್ಲಿ ಫೈಲ್ ಮಾಡಿಸಿಕೊಂಡು ಬರ್ತೇನೆ,” ಎಂದು ಅಮ್ಮ ಹೇಳಿ ಹೋಗಿದ್ದರು. “ಅಜ್ಜಿಗೆ ಗಡಿಬಿಡಿ ಆದರೆ ಬಾಯಿಗೆ ಬರುವುದು ಬರೀ ತುಳು. ಯಾರಾದರೂ ಕೇಳಿದರೆ ನೀನು ಸರಿಯಾಗಿ ಕನ್ನಡದಲ್ಲಿ ಹೇಳು.”

ಆದರೆ ಚೈತಾಲಿಯ ಕಣ್ಣು ಎದುರಿನ ಕೋಣೆಯ ಮೇಲೇ ಇತ್ತು. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಪ್ರಖ್ಯಾತ್ ಅಣ್ಣನ ಮೆಷಿನ್ ಉಂಟು. ಕಳೆದ ವಾರ ಅದರೊಳಗೆ ನೋಡಿದ್ದ ಅಜ್ಜಿ ಮನೆಗೆ ಬಂದು ಅದರ ಕತೆ ಹೇಳಿದ್ದರು. ಗಲ್ಲ ಇಟ್ಟು ನೋಡಿದರೆ ಒಳಗೆ ಉದ್ದಕ್ಕೆ ಒಂದು ರಸ್ತೆಯಂತೆ. ರಸ್ತೆಯ ಕೊನೆಗೆ, ಆಕಾಶದಲ್ಲಿ, ಬಣ್ಣದ ಬಲೂನಂತೆ. ಮೊದಲು ಮಸುಕು ಮಸುಕು, ಆಮೇಲೆ ಫಕ್ಕನೆ ಸ್ಪಷ್ಟ.

“ಪೇಷೆಂಟ್ ಇಲ್ಲದಾಗ ಕರೀತೇನೆ, ಆಯ್ತಾ?” ಎಂದು ಪ್ರಖ್ಯಾತ್ ಅಣ್ಣ ಆಗಲೇ ಹೇಳಿದ್ದ. ಈಗ ಆ ಕೋಣೆಯಲ್ಲಿ ಇದ್ದದ್ದು ಒಬ್ಬರೇ ಪೇಷೆಂಟ್.

ಅಷ್ಟರಲ್ಲಿ ನೀಲಿ ಕೋಟು ಹಾಕಿದ ಅಕ್ಕ ಒಬ್ಬಳು ಬಂದಳು. ಕೋಟಿನ ಮೇಲೆ ‘ನೀಲಮ್ಮ’ ಎಂದು ಬರೆದಿತ್ತು. ಅವಳು ಬಾಗಲಕೋಟೆ ಕಡೆಯವಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವಾರ. ಕೈಯಲ್ಲಿ ನಾಣ್ಯದ ಹಾಗೆ ಉರುಟು ಉರುಟು ಹಸಿರು ಸ್ಟಿಕರ್‌ಗಳ ಹಾಳೆ ಇತ್ತು. ಆಪರೇಶನ್ ಆಗುವ ಕಣ್ಣಿನ ಹುಬ್ಬಿನ ಮೇಲೆ ಸ್ಟಿಕರ್ ಅಂಟಿಸುವುದು ಅವಳ ಕೆಲಸ.

“ಹೆಸರೇನ್ರೀ ಅಜ್ಜಿ? ಯಾವ ಕಣ್ಣು?”

ನಾಲ್ಕನೆಯ ಬೆರಳು. ಈ ಸಲ ಅಜ್ಜಿಗೆ ರೇಗಿಯೇ ಹೋಯಿತು. ಹೆಸರು ಹೇಳಿ, ಕೈ ಬೀಸುತ್ತಾ ತುಳುವಿನಲ್ಲಿ ಗೊಣಗಿದರು. “ಒಂಜಿ ಎಡ್ಡೆ ಉಂಡು!”

“ಎಡ ಅಂದ್ರಲ್ಲ? ಹೌದಲ್ಲ ತಂಗಿ?” ಎಂದು ನೀಲಮ್ಮ ಚೈತಾಲಿಯ ಕಡೆ ತಿರುಗಿದಳು.

ಅದೇ ಹೊತ್ತಿಗೆ ಎದುರಿನ ಕೋಣೆಯ ಪೇಷೆಂಟ್ ಕುರ್ಚಿಯಿಂದ ಏಳುತ್ತಿದ್ದರು.

“ಹೂಂ, ಹೂಂ,” ಎಂದಳು ಚೈತಾಲಿ.

ನೀಲಮ್ಮ ಸ್ಟಿಕರ್ ಅಂಟಿಸಿ ಪಕ್ಕದ ಬೆಂಚಿಗೆ ಹೋದಳು. ಎದುರಿನ ಕೋಣೆಗೆ ಇನ್ನೊಬ್ಬರು ಪೇಷೆಂಟ್ ಹೋದರು. ಚೈತಾಲಿ ಸೊಟ್ಟ ಮುಖ ಮಾಡಿ ಕುಳಿತಳು.

ಹತ್ತು ನಿಮಿಷ ಕಳೆದು ವೆರೊನಿಕಾ ಸಿಸ್ಟರ್ ಮದ್ದಿನ ಟ್ರೇ ಹಿಡಿದುಕೊಂಡು ಬಂದರು. ಅವರು ಕಣ್ಣಿಗೆ ಡ್ರಾಪ್ಸ್ ಹಾಕುವವರು. ಬೆಳ್ಳಗಿನ ಕೂದಲು, ಕುತ್ತಿಗೆಗೆ ಸರಪಣಿಯಲ್ಲಿ ನೇತುಬಿದ್ದ ಕನ್ನಡಕ.

“ಹೆಸರೆಂತ ಅಜ್ಜಿ? ಯಾವ ಕಣ್ಣು?”

“ಅಯ್ಯೋ ಸಿಸ್ಟರ್, ನಾಲ್ಕು ಸಲ ಹೇಳಿ ಆಯ್ತು,” ಎಂದಳು ಚೈತಾಲಿ. “ಸ್ಟಿಕರ್ ಉಂಟಲ್ವಾ? ನೋಡಿ ಹಾಕಿ.”

ವೆರೊನಿಕಾ ಸಿಸ್ಟರ್ ನಕ್ಕರು. “ಸ್ಟಿಕರ್ ಮಾತಾಡುವುದಿಲ್ಲ ಮಗಾ. ನನಗೆ ಪೇಷೆಂಟೇ ಹೇಳಬೇಕು. ಇಲ್ಲದಿದ್ದರೆ ನೀನು ನೋಡಿ ಹೇಳು. ಯಾವ ಕಣ್ಣು?”

ಚೈತಾಲಿ ತಲೆ ಎತ್ತಿ ನೋಡಿದಳು.

ಅವಳು ಕುಳಿತದ್ದು ಅಜ್ಜಿಯ ಬಲಕ್ಕೆ. ಯಾವಾಗಲೂ ಬಲಕ್ಕೇ. ಕಾಪುವಿನಲ್ಲಿ ಹೈವೇ ದಾಟುವಾಗ ಅವಳು ಹಿಡಿಯುವುದು ಅಜ್ಜಿಯ ಬಲಗೈ. ಆ ಕಡೆಯಿಂದ ಬರುವ ಬಸ್ಸು ಅಜ್ಜಿಗೆ ಕಾಣಿಸುವುದಿಲ್ಲ ಅಂತಲೇ ಹಿಡಿಯುವುದು. ಹಾಗಾದರೆ ಸ್ಟಿಕರ್ ಅವಳ ಕಡೆ ಇರಬೇಕಿತ್ತು. ಅವಳ ಕಡೆಯ ಹುಬ್ಬಿನ ಮೇಲೆ ಏನೂ ಇರಲಿಲ್ಲ. ಹಸಿರು ಉರುಟು ಆಚೆ ಬದಿಯಲ್ಲಿ ಮಿನುಗುತ್ತಿತ್ತು.

ಎಡ. ಎಡ್ಡೆ.

ಚೈತಾಲಿ ದಡಕ್ಕನೆ ಎದ್ದು ನಿಂತಳು. ಅಜ್ಜಿಗೆ ಚೆನ್ನಾಗಿ ಕಾಣುವುದು ಅದೊಂದೇ ಕಣ್ಣು.

“ಹಾಕಬೇಡಿ ಸಿಸ್ಟರ್! ಅದು ಒಳ್ಳೆ ಕಣ್ಣು. ಅಜ್ಜಿ ಹೇಳಿದ್ದು ಎಡ್ಡೆ ಅಂತ. ಒಂದು ಕಣ್ಣು ಚೆನ್ನಾಗಿ ಉಂಟು ಅಂತ. ನೀಲಮ್ಮ ಅಕ್ಕನಿಗೆ ಎಡ ಅಂತ ಕೇಳಿಸಿತು. ನಾನು... ನಾನು ಕೇಳಿಸಿಕೊಳ್ಳದೆ ಹೂಂ ಅಂದುಬಿಟ್ಟೆ.”

ಹೇಳುತ್ತಾ ಅವಳು ಟ್ರೇಗೆ ಅಡ್ಡ ಕೈ ಹಿಡಿದಳು.

“ನಾನು ಇನ್ನೂ ಮುಚ್ಚಳ ತೆಗೆದಿಲ್ಲ, ನೋಡು,” ಎಂದು ವೆರೊನಿಕಾ ಸಿಸ್ಟರ್ ಬಾಟಲಿ ತೋರಿಸಿದರು. ಅಜ್ಜಿಯನ್ನು ತುಳುವಿನಲ್ಲಿ ಇನ್ನೊಮ್ಮೆ ಕೇಳಿದರು. ಅಮ್ಮನ ಹತ್ತಿರದಿಂದ ಫೈಲ್ ತರಿಸಿ ಓದಿದರು. ಬಲ ಕಣ್ಣು. ಆಮೇಲೆ ನೀಲಮ್ಮನನ್ನು ಕರೆದರು.

ನೀಲಮ್ಮ ಓಡಿ ಬಂದಳು. “ನಂದ ತಪ್ಪು ಸಿಸ್ಟರ್. ಫೈಲ್ ನೋಡಲಾರ್ದ ಸ್ಟಿಕರ್ ಹಚ್ಚಬಾರದಾಗಿತ್ತು.”

“ನನ್ನದೂ ತಪ್ಪು ಉಂಟು,” ಎಂದಳು ಚೈತಾಲಿ. “ಅಕ್ಕನಿಗೆ ಬೈಯಬೇಡಿ.”

“ಬೈದು ಎಂತ ಆಗ್ತದೆ? ಬರೆದಿಡಬೇಕು,” ಎಂದು ವೆರೊನಿಕಾ ಸಿಸ್ಟರ್ ಕನ್ನಡಕ ಏರಿಸಿ, ದಪ್ಪ ಪುಸ್ತಕವೊಂದರಲ್ಲಿ ನಡೆದದ್ದನ್ನೆಲ್ಲ ಬರೆದರು. “ನಾಳೆ ಬರುವ ಅಜ್ಜನೂ ಎಡ್ಡೆ ಅನ್ನಬಹುದಲ್ವಾ? ನೀಲಮ್ಮ, ಎಡ್ಡೆ ಅಂದ್ರೆ ಎಂತ?”

“ಛಲೋ ಅಂತ್ರೀ.”

“ಛಲೋ ಅಂದ್ರೆ?” ಎಂದು ಅಜ್ಜಿ ಕೇಳಿದರು.

“ಎಡ್ಡೆ ಅಂತ್ರೀ ಅಜ್ಜಿ.”

ಅಜ್ಜಿ ಬಾಯಿ ತುಂಬ ನಕ್ಕರು. ನೀಲಮ್ಮ ಫೈಲನ್ನು ಎರಡು ಸಲ ನೋಡಿ, ಅಜ್ಜಿಯನ್ನು ಇನ್ನೊಮ್ಮೆ ಕೇಳಿ, ಹಸಿರು ಸ್ಟಿಕರನ್ನು ಈಚೆ ಹುಬ್ಬಿಗೆ ಅಂಟಿಸಿದಳು. ವೆರೊನಿಕಾ ಸಿಸ್ಟರ್ ಹತ್ತು ಹತ್ತು ನಿಮಿಷಕ್ಕೊಮ್ಮೆ ಬಂದು ಡ್ರಾಪ್ಸ್ ಹಾಕಿದರು. ಅಜ್ಜಿಯ ಕಣ್ಣಿನ ಕಪ್ಪು ಬೊಂಬೆ ದೊಡ್ಡದಾಗುತ್ತಾ ಹೋಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಲಿಯೋನೆಲ್ ಅಣ್ಣ ವೀಲ್‌ಚೇರ್ ತಂದ. ಹಸಿರು ಗೌನು, ಹಸಿರು ಟೊಪ್ಪಿಯಲ್ಲಿ ಅಜ್ಜಿ ಬೇರೆಯೇ ಕಾಣುತ್ತಿದ್ದರು. ಸರಿಯಾಗಿ ಆಗಲೇ ಎದುರಿನ ಕೋಣೆಯಿಂದ ಪ್ರಖ್ಯಾತ್ ಅಣ್ಣ ತಲೆ ಹೊರಗೆ ಹಾಕಿದ. “ಚೈತಾಲಿ, ಬೇಗ ಬಾ. ಮೆಷಿನ್ ಖಾಲಿ ಉಂಟು.”

ಚೈತಾಲಿ ಎರಡು ಹೆಜ್ಜೆ ಓಡಿ, ನಿಂತಳು. ತಿರುಗಿ ನೋಡಿದಳು. ವೀಲ್‌ಚೇರ್ ಹೊರಟಾಗಿತ್ತು.

“ಅಣ್ಣಾ, ನಿಲ್ಲಿ.”

“ಎಂತ ಆಯ್ತು?” ಎಂದ ಲಿಯೋನೆಲ್.

“ನೀವು ಕೇಳಲಿಲ್ಲ.”

“ಎಂತ ಕೇಳ್ಬೇಕಿತ್ತು?”

“ಹೆಸರು. ಮತ್ತೆ, ಯಾವ ಕಣ್ಣು ಅಂತ.”

ಲಿಯೋನೆಲ್ ಮುಗುಳ್ನಕ್ಕ. “ಅಲ್ಲಿ ಕೆಂಪು ಗೆರೆ ಉಂಟಲ್ವಾ, ಬಾಗಿಲ ಹತ್ತಿರ? ಅಲ್ಲಿ ಕೇಳ್ತೇನೆ. ಕೇಳದೆ ದಾಟಿಸಲಿಕ್ಕಿಲ್ಲ.”

“ಹಾಗಾದ್ರೆ ನಾನೂ ಗೆರೆವರೆಗೆ ಬರ್ತೇನೆ.”

ಅವಳು ಅಜ್ಜಿಯ ಬಲಗೈ ಹಿಡಿದು ಜೊತೆಗೆ ನಡೆದಳು. ಗೆರೆಯ ಹತ್ತಿರ ಲಿಯೋನೆಲ್ ಬಾಗಿ ಕೇಳಿದ. ಅಜ್ಜಿ ಗೊಣಗದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. “ಕುಶಲಾ. ಬಲ ಕಣ್ಣು.”

ನಡುವೆ ಕೇಳಿದ್ದನ್ನೂ ಸೇರಿಸಿ ಚೈತಾಲಿ ಎಂಟನೆಯ ಬೆರಳು ಮಡಚಿದಳು. ಈ ಸಲ ಕೈ ಬೆನ್ನ ಹಿಂದೆ ಇರಲಿಲ್ಲ.

ವೀಲ್‌ಚೇರ್ ಒಳಗೆ ಹೋಯಿತು. ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳತೊಡಗಿತು. ಅವಳು ಗೆರೆಯ ಈಚೆಗೆ ಕಿವಿಗೊಟ್ಟು ನಿಂತಳು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಒಳಗಿನಿಂದ ಯಾರದೋ ಹೊಸ ದನಿ ಕೇಳಿಸಿತು.

“ಹೆಸರು ಹೇಳಿ ಅಜ್ಜಿ. ಯಾವ ಕಣ್ಣು?”

ಚೈತಾಲಿ ಒಂಬತ್ತನೆಯ ಬೆರಳನ್ನೂ ಮಡಚಿದಳು. ಆಮೇಲೆ ಬಲೂನು ನೋಡಲು ಓಡಿದಳು.